ಬೇಳೆ ಬೇಯದ ನೀರಲ್ಲಿ ಬಿಯರ್

ನಮ್ಮೂರು ಪಾವಗಡದ ಕಡೆ. ಚಿಕ್ಕಂದಿನಲ್ಲಿ ನೀರಿನ ಬಗ್ಗೆ ಯಾರೂ ಗಡಸುತನ, ಕ್ಯಾಲ್ಸಿಯಂ ಅಂತ ಮಾತಾಡಿದ್ದು ನಾನು ಕೇಳಿಲ್ಲ. ಈ ಬಾವಿ ನೀರಲ್ಲಿ ಬೇಳೆ ಬೇಯುತ್ತೆ, ಆ ಬೋರಿನ ನೀರಲ್ಲಿ ಬೇಯಲ್ಲ. ಅಷ್ಟೇ ಲೆಕ್ಕ. ಬೇಯುವ ನೀರಿಗೆ ಸೀನೀರು ಅಂತ ಹೆಸರು, ಅದಕ್ಕಾಗಿ ಹೆಂಗಸರು ಬಿಂದಿಗೆ ಹೊತ್ತು ಊರಾಚೆ ಹೋಗಿ ಬರುತ್ತಿದ್ದರು. ಎಷ್ಟೋ ವರ್ಷ ಆದಮೇಲೆ ಇನ್ನೊಂದು ದೇಶದಲ್ಲಿ ಮನೆಯಲ್ಲೇ ಬಿಯರ್ ಮಾಡಲು ಕೂತಾಗ ನನಗೆ ದಾರಿ ತೋರಿಸಿದ್ದು ಇದೇ ಲೆಕ್ಕ. ಆದರೆ ಬಿಯರಿನಲ್ಲಿ ಅದು ತಲೆಕೆಳಗು. ಬೇಳೆಗೆ ಒಳ್ಳೆಯದಾದ ನೀರು ಬಿಯರನ್ನು ಕೆಡಿಸಿತು, ಬೇಳೆ ಬೇಯದ ನೀರೇ ನನಗೆ ಮೊದಲ ಒಳ್ಳೆಯ ಬಿಯರ್ ಕೊಟ್ಟಿತು.

ನಾನಿರುವುದು ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ, ಮಿಲ್ವಾಕಿಯಿಂದ ಪಶ್ಚಿಮಕ್ಕೆ, ವಾಕಿಶಾ ಊರಿನ ಹೊರಗೆ. ಇಲ್ಲಿಗೆ ನಗರದ ನೀರು ಬರುವುದಿಲ್ಲ, ಮನೆ ಮನೆಗೂ ಅವರವರದೇ ಬಾವಿ. ಬಾವಿ ಅಂದರೆ ಕಲ್ಲು ಕಟ್ಟಿದ ರಾಟೆ ಬಾವಿ ಅಲ್ಲ, ನಮ್ಮ ಕಡೆಯ ಬೋರ್‌ವೆಲ್ಲೇ. ಆರು ಇಂಚಿನ ಕೇಸಿಂಗ್, 160 ಅಡಿ ಆಳ, ಒಳಗೆ ಸಬ್‌ಮರ್ಸಿಬಲ್ ಪಂಪು. ಕೆಳಗಿರುವುದು ಡಾಲೊಮೈಟ್ ಬಂಡೆ. ಸುಣ್ಣಕಲ್ಲಿನ ಜಾತಿಯದೇ, ಆದರೆ ಅದರಲ್ಲಿ ಕ್ಯಾಲ್ಸಿಯಂ ಜೊತೆ ಮೆಗ್ನೀಸಿಯಂ ಕೂಡ ಇರುತ್ತದೆ. ನಯಾಗರ ಜಲಪಾತ ಧುಮುಕುವುದೂ ಇದೇ ಬಂಡೆಯ ಅಂಚಿನಿಂದ. 40 ಕೋಟಿ ವರ್ಷಕ್ಕಿಂತ ಹಳೆಯ ಕಲ್ಲು. ಹಿಮ ಕರಗಿದ ನೀರು ಇದರ ಬಿರುಕುಗಳಲ್ಲಿ ಇಳಿಯುತ್ತಾ ಕಲ್ಲನ್ನೇ ಇಷ್ಟಿಷ್ಟು ಕರಗಿಸಿಕೊಂಡು ಬರುತ್ತದೆ.

ಈ ಊರಿನ ನೀರಿಗೆ ಒಂದು ಕಾಲದಲ್ಲಿ ಭಾರಿ ಹೆಸರಿತ್ತು. 1868ರಲ್ಲಿ ರಿಚರ್ಡ್ ಡನ್‌ಬಾರ್ ಅನ್ನುವವರು ಇಲ್ಲಿನ ಬುಗ್ಗೆಯ ನೀರು ಕುಡಿದು ತಮ್ಮ ಸಕ್ಕರೆ ಕಾಯಿಲೆ ವಾಸಿಯಾಯಿತು ಅಂತ ಸಾರಿದರು, ಆಮೇಲೆ ದೊಡ್ಡ ದೊಡ್ಡ ಹೋಟೆಲುಗಳೇ ಎದ್ದವು. 1892ರಲ್ಲಿ ಚಿಕಾಗೋದ ವಿಶ್ವಮೇಳಕ್ಕೆ ಇಲ್ಲಿಂದ ಪೈಪು ಎಳೆಯಲು ರೈಲಿನಲ್ಲಿ ಆಳುಗಳು ಬಂದಿಳಿದಾಗ ಊರವರು ಬಂದೂಕು ಹಿಡಿದು ತಡೆದು ವಾಪಸ್ ಕಳಿಸಿದರು. ಬೀದಿ ನಲ್ಲಿಯ ಜಗಳ ನೋಡಿ ಬೆಳೆದವನು ನಾನು, ಅವರ ಸಿಟ್ಟು ನನಗೆ ಚೆನ್ನಾಗಿ ಅರ್ಥವಾಗುತ್ತದೆ. ವಾಕಿಶಾ ನಗರ ಮಾತ್ರ 2023ರಿಂದ ಮಿಚಿಗನ್ ಸರೋವರದ ನೀರಿಗೆ ಬದಲಾಗಿದೆ, ತುಂಬಾ ಆಳದ ಮರಳುಗಲ್ಲಿನ ನೀರಲ್ಲಿ ರೇಡಿಯಂ ಜಾಸ್ತಿ ಇದ್ದದ್ದೇ ಕಾರಣ. ನಮ್ಮ ಬಾವಿ ಅಷ್ಟು ಆಳಕ್ಕೆ ಹೋಗಿಲ್ಲ. ಆದರೂ ಒಂದು ಸಲ ರೇಡಿಯಂ ಪರೀಕ್ಷೆ ಮಾಡಿಸಿಯೇ ಮುಂದಕ್ಕೆ ಹೋದೆ.

ಕಾನೂನಿನ ಮಾತು ಮೊದಲೇ ಹೇಳಿಬಿಡುತ್ತೇನೆ. ಅಮೆರಿಕದಲ್ಲಿ 1978ರಲ್ಲಿ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾಯ್ದೆಯಿಂದ ಮನೆಯಲ್ಲಿ ಬಿಯರ್ ಮಾಡಿಕೊಳ್ಳಲು ಅವಕಾಶ ಇದೆ. ಒಬ್ಬರೇ ವಯಸ್ಕರಿರುವ ಮನೆಗೆ ವರ್ಷಕ್ಕೆ 100 ಗ್ಯಾಲನ್, ಇಬ್ಬರು ಅಥವಾ ಹೆಚ್ಚು ಇದ್ದರೆ 200. ಮಾರುವ ಹಾಗಿಲ್ಲ. ಕರ್ನಾಟಕದಲ್ಲಿ ಹಾಗಲ್ಲ, ಲೈಸೆನ್ಸ್ ಇಲ್ಲದೆ ಮಾಡಿದರೆ ಅಬಕಾರಿ ಕಾಯ್ದೆ ಪ್ರಕಾರ ಅಪರಾಧ. ಊರಲ್ಲಿ ಇರುವವರು ಇದನ್ನು ಓದಿ ನಮ್ಮ ಬೋರಿನ ನೀರಲ್ಲೂ ಮಾಡೋಣ ಅಂತ ಹೊರಡಬೇಡಿ.

ಮೊದಲ ಮೂರು ಸಲ ಮಾಡಿದ ಬಿಯರ್ ಚೆನ್ನಾಗಿ ಬರಲಿಲ್ಲ. ಕೆಟ್ಟುಹೋಗಿರಲಿಲ್ಲ, ಹುಳಿಯೂ ಆಗಿರಲಿಲ್ಲ. ಆದರೆ ಕುಡಿದರೆ ಸಪ್ಪೆ ಸಪ್ಪೆ, ನಾಲಗೆಯ ಹಿಂಭಾಗದಲ್ಲಿ ಅಡುಗೆ ಸೋಡಾ ಅಂಟಿಕೊಂಡ ಹಾಗೆ. ಬಣ್ಣ ಮಂಕು. ವಾರ ಕಳೆದರೂ ಯೀಸ್ಟ್ ಕೆಳಗೆ ಕೂರುತ್ತಿರಲಿಲ್ಲ. ಪುಸ್ತಕದಲ್ಲಿ ಇದ್ದ ಹಾಗೆ ತೂಕ ಹಾಕಿದ್ದೆ, ಡಿಗ್ರಿಗೆ ಡಿಗ್ರಿ ಶಾಖ ಹಿಡಿದಿದ್ದೆ, ಪಾತ್ರೆಗಳನ್ನು ಎರಡೆರಡು ಸಲ ತೊಳೆದಿದ್ದೆ, ಎಲ್ಲಿ ತಪ್ಪಿದೆ ಅಂತ ತಿಳಿಯದೆ ಯೀಸ್ಟ್ ಬದಲಾಯಿಸಿದೆ, ಮಾಲ್ಟ್ ತರುವ ಅಂಗಡಿ ಬದಲಾಯಿಸಿದೆ. ನೀರನ್ನು ಮಾತ್ರ ಅನುಮಾನಿಸಲಿಲ್ಲ. ನೋಡೋಕೆ ಕನ್ನಡಿಯ ಹಾಗಿತ್ತಲ್ಲ.

ಆ ಬೇಸಿಗೆಯಲ್ಲಿ ಅಮ್ಮ ಬಂದಿದ್ದರು. ಬಂದು ಮೂರು ವಾರ ಸಾರು, ಮಸ್ಸೊಪ್ಪು ಎಲ್ಲ ಚೆನ್ನಾಗೇ ಆಗುತ್ತಿತ್ತು. ಒಂದು ದಿನ ಕುಕ್ಕರ್ ಮುಚ್ಚಳ ತೆಗೆದು, ಸೌಟಲ್ಲಿ ಬೇಳೆ ಎತ್ತಿ, ಎರಡು ಬೆರಳಲ್ಲಿ ಹಿಚುಕಿ ನೋಡಿದರು. ಕಾಳು ಕಾಳಾಗಿಯೇ ಇತ್ತು, ನಡುವೆ ಬಿಳಿ ಚುಕ್ಕೆ.

"ನೀರು ಬದಲಾಗಿದೆ ಕಣೋ" ಅಂದರು.

"ಇಲ್ಲಮ್ಮ, ಅದೇ ನೀರು. ಅದೇ ಬಾವಿ."

"ನಾಲ್ಕು ವಿಷಲ್ ಕೂಗಿಸಿದೀನಿ. ಮಸೆದರೆ ಮಸೆಯಕ್ಕೇ ಆಗ್ತಿಲ್ಲ. ಇದು ನೆನ್ನೆ ನೀರಲ್ಲ."

ನೆಲಮಾಳಿಗೆಗೆ ಇಳಿದು ನೋಡಿದರೆ ಸಾಫ್ಟ್‌ನರ್ ತೊಟ್ಟಿಯಲ್ಲಿ ಉಪ್ಪು ಮುಗಿದು ಖಾಲಿ. ಇಲ್ಲಿ ಬಾವಿ ಇರುವ ಸುಮಾರು ಮನೆಗಳಲ್ಲಿ ಈ ಯಂತ್ರ ಇರುತ್ತದೆ. ಉಪ್ಪಿನ ಚೀಲ ಸುರಿದರೆ ನೀರು ಮೆದುವಾಗುತ್ತೆ, ಸೋಪು ನೊರೆ ಬರುತ್ತೆ, ಗೀಸರ್ ಕೆಡಲ್ಲ ಅನ್ನುವಷ್ಟೇ ನನಗೆ ಗೊತ್ತಿದ್ದದ್ದು. ಅದು ನೀರಿಗೆ ನಿಜವಾಗಿ ಏನು ಮಾಡುತ್ತೆ ಅಂತ ಆ ರಾತ್ರಿ ಕೂತು ಓದಿದೆ, ಮೂರು ಬಿಯರ್ ಯಾಕೆ ಕೆಟ್ಟಿತು ಅನ್ನುವುದು ಅಲ್ಲೇ ಸಿಕ್ಕಿತು.

ಸಾಫ್ಟ್‌ನರ್ ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಹಿಡಿದುಕೊಂಡು ಬದಲಿಗೆ ಸೋಡಿಯಂ ಬಿಡುತ್ತದೆ. ಬೇಳೆಯ ಸಿಪ್ಪೆ, ತಿರುಳನ್ನು ಗಟ್ಟಿ ಹಿಡಿಯುವುದು ಕ್ಯಾಲ್ಸಿಯಮ್ಮೇ, ಅದು ಹೋದರೆ ಬೇಳೆ ಬೆಣ್ಣೆಯ ಹಾಗೆ ಬೇಯುತ್ತದೆ. ಆದರೆ ಬಿಯರಿಗೆ ಕ್ಯಾಲ್ಸಿಯಂ ಬೇಕು. ಪಿಷ್ಟವನ್ನು ಸಕ್ಕರೆ ಮಾಡುವ ಕಿಣ್ವಕ್ಕೆ ಅದು ಆಸರೆ, ಯೀಸ್ಟ್ ಒಂದಕ್ಕೊಂದು ಅಂಟಿ ಕೆಳಗೆ ಕೂರಲೂ ಅದೇ ಬೇಕು. ಇನ್ನು ಬಿಯರಿಗೆ ನಿಜವಾಗಿ ತೊಂದರೆ ಕೊಡುವ ಬೈಕಾರ್ಬನೇಟನ್ನು ಸಾಫ್ಟ್‌ನರ್ ಮುಟ್ಟುವುದೇ ಇಲ್ಲ. ಬೇಕಾದ್ದನ್ನು ತೆಗೆದು, ಬೇಡದ್ದನ್ನು ಉಳಿಸಿ, ಮೇಲೆ ಸೋಡಿಯಂ ಸೇರಿಸಿದ ನೀರು ಅದು. ಬಾವಿ ನೀರಲ್ಲಿ ಬಿಯರ್ ಮಾಡುವವರಿಗೆ ನಾನು ಒಂದೇ ಒಂದು ಮಾತು ಹೇಳಬೇಕು ಅಂದರೆ ಇದನ್ನೇ ಹೇಳುತ್ತೇನೆ: ಸಾಫ್ಟ್‌ನರ್ ದಾಟಿದ ನೀರು ಬೇಡ. ಮನೆಯ ಹೊರಗೋಡೆಯಲ್ಲಿ ತೋಟಕ್ಕೆ ಅಂತ ಇರುವ ನಲ್ಲಿ ಸಾಮಾನ್ಯವಾಗಿ ನೇರ ಬಾವಿಯದು. ಅಲ್ಲಿಂದ ಹಿಡಿಯಿರಿ. ಆದರೆ ತೋಟದ ಹಸಿರು ಪೈಪಿನ ಮೂಲಕ ಬೇಡ, ಅದರ ರಬ್ಬರ್ ವಾಸನೆ ಬಿಯರಿಗೆ ಇಳಿಯುತ್ತೆ. ಕುಡಿಯುವ ನೀರಿಗೆಂದೇ ಮಾಡಿದ ಪೈಪು ಸಿಗುತ್ತದೆ.

ಆಮೇಲೆ ನೀರನ್ನು ಪರೀಕ್ಷೆಗೆ ಕಳಿಸಿದೆ. ನೆಬ್ರಾಸ್ಕಾದ ವಾರ್ಡ್ ಲ್ಯಾಬೊರೇಟರೀಸ್‌ಗೆ ಇಲ್ಲಿನ ಬಹಳ ಮನೆ ಬಿಯರಿನವರು ಕಳಿಸುತ್ತಾರೆ. ಮೂಲತಃ ರೈತರ ಮಣ್ಣು, ನೀರು, ಮೇವು ನೋಡುವ ಲ್ಯಾಬು ಅದು. ನನ್ನ ಬಾವಿಗೆ ಬಂದದ್ದು ಹೀಗೆ, ಎಲ್ಲ ಲೀಟರಿಗೆ ಮಿಲಿಗ್ರಾಂ ಲೆಕ್ಕ: ಕ್ಯಾಲ್ಸಿಯಂ 80, ಮೆಗ್ನೀಸಿಯಂ 42, ಸೋಡಿಯಂ 8, ಕ್ಲೋರೈಡ್ 20, ಸಲ್ಫೇಟ್ 10, ಒಟ್ಟು ಕ್ಷಾರತೆ 330, ಗಡಸುತನ 373. ಸಲ್ಫೇಟಿನ ಸಾಲಿನಲ್ಲಿ ಒಂದು ಎಚ್ಚರ. ಲ್ಯಾಬು ಕೊಡುವುದು ಅದರಲ್ಲಿರುವ ಗಂಧಕದ ಲೆಕ್ಕ, ಮೂರರಿಂದ ಗುಣಿಸಿದರೆ ಸಲ್ಫೇಟ್. ಅಂದರೆ ನನ್ನದು 30. ಇದು ಗೊತ್ತಿಲ್ಲದೆ ಜಿಪ್ಸಂ, ಅಂದರೆ ಕ್ಯಾಲ್ಸಿಯಂ ಸಲ್ಫೇಟ್, ಜಾಸ್ತಿ ಸುರಿದವರನ್ನು ನೋಡಿದ್ದೇನೆ. ಇದೇ ನೀರು ಸಾಫ್ಟ್‌ನರ್ ದಾಟಿದರೆ ಸೋಡಿಯಂ 180ರ ಹತ್ತಿರ ಹೋಗುತ್ತೆ ಅಂತಲೂ ಲೆಕ್ಕ ಹಾಕಿದೆ. ಆ ಅಡುಗೆ ಸೋಡಾ ರುಚಿ ಎಲ್ಲಿಂದ ಬಂತು ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಕಾಗಲಿಲ್ಲ.

ಈ ಎಲ್ಲದರಲ್ಲಿ ನೋಡಬೇಕಾದ ಅಂಕಿ 330, ಕ್ಷಾರತೆ. ಅಂದರೆ ಹುಳಿಯನ್ನು ತಗ್ಗಿಸುವ ಶಕ್ತಿ, ಅದು ಬರುವುದು ಆ ಬೈಕಾರ್ಬನೇಟಿನಿಂದಲೇ. ಮಾಲ್ಟ್ ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ, ನಾವು ಮಕ್ಕಳಿಗೆ ಅಂತ ರಾಗಿ ಮೊಳಕೆ ಕಟ್ಟಿ ಒಣಗಿಸುತ್ತೇವಲ್ಲ, ಹಾಗೇ. ಅದನ್ನು ತರಿಯಾಗಿ ಒಡೆದು 66 ಡಿಗ್ರಿ ನೀರಲ್ಲಿ ಒಂದು ಗಂಟೆ ನೆನೆಸುವುದಕ್ಕೆ ಮ್ಯಾಶ್ ಅಂತಾರೆ. ಮ್ಯಾಶಿನ ಪಿಎಚ್ (ಹುಳಿ ಎಷ್ಟು ಅಂತ ಹೇಳುವ ಅಳತೆ, ಅಂಕಿ ಇಳಿದಷ್ಟೂ ಹುಳಿ ಜಾಸ್ತಿ) 5.2ರಿಂದ 5.6ರ ಒಳಗೆ ಇದ್ದರೆ ಸಕ್ಕರೆ ಚೆನ್ನಾಗಿ ಬಿಡುತ್ತದೆ. ನೀರಿನ ಕ್ಷಾರತೆ ಜಾಸ್ತಿ ಇದ್ದರೆ ಪಿಎಚ್ ಮೇಲೆ ಹೋಗುತ್ತದೆ, ಸಿಪ್ಪೆಯ ಒಗರು ಇಳಿಯುತ್ತದೆ. ಹಸಿ ಅಡಿಕೆ ಕಚ್ಚಿದರೆ ಕೆನ್ನೆಯ ಒಳಗೆ ಹಿಡಿದುಕೊಳ್ಳುತ್ತಲ್ಲ, ಆ ಒಗರು.

ಆದರೆ ಕಪ್ಪಗೆ ಹುರಿದ ಬಾರ್ಲಿಯಲ್ಲಿ ಹುಳಿ ಗುಣ ಇರುತ್ತದೆ. ಅದು ಕ್ಷಾರತೆಯನ್ನು ತಾನೇ ತಗ್ಗಿಸುತ್ತದೆ. ಡಬ್ಲಿನ್‌ನಲ್ಲಿ ಸ್ಟೌಟ್ ಅನ್ನುವ ಕಪ್ಪು ಬಿಯರ್ ಬೇರು ಬಿಟ್ಟಿದ್ದಕ್ಕೂ ಮ್ಯೂನಿಕ್‌ನಲ್ಲಿ ಕಂದು ಬಿಯರ್ ಬೆಳೆದಿದ್ದಕ್ಕೂ ಅಲ್ಲಿನ ಸುಣ್ಣದ ನೀರು ಒಂದು ಕಾರಣ. 1842ರಲ್ಲಿ ಯೋಸೆಫ್ ಗ್ರೋಲ್ ಅನ್ನುವ ಬಿಯರ್ ತಯಾರಕ ಬಂಗಾರದ ಬಣ್ಣದ ಲಾಗರ್ (ತಂಪಿನಲ್ಲಿ ಹುದುಗಿಸುವ ಬಿಯರ್) ಮಾಡಿದ್ದು ಈಗಿನ ಚೆಕ್ ದೇಶದ ಪಿಲ್ಸೆನ್‌ನಲ್ಲಿ, ಅಲ್ಲಿನ ನೀರು ಮಳೆ ನೀರಿನಷ್ಟು ಮೆದು. ಇಂಗ್ಲೆಂಡಿನ ಬರ್ಟನ್ ಊರಿನ ಬಾವಿಗಳಲ್ಲಿ ಜಿಪ್ಸಂ ತುಂಬಿರುತ್ತದೆ, ಅಲ್ಲಿ ಪೇಲ್ ಏಲ್ ಅನ್ನುವ ತಿಳಿ ಬಣ್ಣದ ಕಹಿ ಬಿಯರ್. ಅಲ್ಲಿನವರು ತಮ್ಮ ಬಾವಿ ಯಾವುದಕ್ಕೆ ಒಗ್ಗುತ್ತದೋ ಅದನ್ನು ಮಾಡಿದರು. ಕೆಂಪು ಮಣ್ಣಿಗೆ ಕಡಲೆಕಾಯಿ, ಗದ್ದೆಗೆ ಭತ್ತ ಅನ್ನುವ ಹಾಗೆ. ನಾನೂ ಬಾವಿಯ ಜೊತೆ ಗುದ್ದಾಡುವುದು ಬಿಟ್ಟು ಮೊದಲು ಸ್ಟೌಟ್ ಇಟ್ಟೆ.

ಹೊರಗಿನ ನಲ್ಲಿಯ ನೀರು, ಏನೂ ಸೇರಿಸಲಿಲ್ಲ. ನಾಲ್ಕೂವರೆ ಕಿಲೋ ಕಾಳಿನಲ್ಲಿ ನೂರಕ್ಕೆ ಹತ್ತು ಭಾಗ ಕಪ್ಪಗೆ ಹುರಿದ ಬಾರ್ಲಿ, ಇಪ್ಪತ್ತು ಭಾಗ ಬಾರ್ಲಿ ಅವಲಕ್ಕಿ, ಮಿಕ್ಕಿದ್ದು ಸಾದಾ ಮಾಲ್ಟ್. ಹತ್ತು ನಿಮಿಷ ಆದಮೇಲೆ ಸ್ವಲ್ಪ ರಸ ಬಟ್ಟಲಿಗೆ ತೆಗೆದು ಆರಿಸಿ ಮೀಟರ್ ಅದ್ದಿದೆ. 5.6. ಸ್ವಲ್ಪ ಮೇಲೇ, ಆದರೆ ಕಪ್ಪು ಬಿಯರಿಗೆ ನಡೆಯುತ್ತದೆ. ಒಂದು ತಿಂಗಳಿಗೆ ಬಾಟಲಿ ತೆಗೆದಾಗ ಫಿಲ್ಟರ್ ಕಾಫಿಯ ಡಿಕಾಕ್ಷನ್ ಹತ್ತಿರ ಮೂಗಿಟ್ಟ ಹಾಗೆ ವಾಸನೆ. ರುಚಿ ದುಂಡಗೆ, ಒಗರಿಲ್ಲ. ಅಡುಗೆಮನೆಯಲ್ಲಿ ಒಬ್ಬನೇ ನಿಂತು ಪೂರ್ತಿ ಗ್ಲಾಸ್ ಮುಗಿಸಿದೆ. ತುಂಬಾ ಖುಷಿಯಾಗಿತ್ತು.

ಅದೇ ಧೈರ್ಯದಲ್ಲಿ ಅದೇ ನೀರಲ್ಲಿ ತಿಳಿ ಬಣ್ಣದ ಏಲ್ ಇಟ್ಟೆ. ಪಿಎಚ್ 5.9. ಬಿಯರ್ ಒಗರೋ ಒಗರು. ಬಿಯರಿಗೆ ಕಹಿ ಕೊಡಲು ಹಾಕುವ ಹೂವು ಹಾಪ್ಸ್, ಅದರ ಕಹಿ ಗಂಟಲಲ್ಲಿ ಗೀರಿದ ಹಾಗಾಯಿತು. ಸರಿ, ತಿಳಿ ಬಿಯರ್ ಬೇಕಾದರೆ ನೀರನ್ನು ಹದ ಮಾಡಲೇಬೇಕು.

ನೀರು ಕುದಿಸಿದರೆ ಬೈಕಾರ್ಬನೇಟ್ ಒಡೆದು ಸುಣ್ಣವಾಗಿ ಕೆಳಗೆ ಕೂರುತ್ತದೆ, ಇದು ಬಚ್ಚಲ ಹಂಡೆ ನೋಡಿದ ಎಲ್ಲರಿಗೂ ಗೊತ್ತು. ಹಿಂದಿನ ರಾತ್ರಿ 30 ಲೀಟರ್ ಒಲೆಗೆ ಇಡುತ್ತೇನೆ. ಕುದಿ ಬರುವ ಮುಂಚೆಯೇ ನೀರು ಮಬ್ಬಾಗುತ್ತೆ. ಮೇಲೆ ಹಾಲಿನ ಕೆನೆಗಿಂತ ತೆಳುವಾದ ಪೊರೆ ಕಟ್ಟಿ, ಚೂರು ಚೂರಾಗಿ ದೀಪದ ಬೆಳಕಿಗೆ ಮಿನುಗುತ್ತೆ. ಕಾಲು ಗಂಟೆ ಚೆನ್ನಾಗಿ ಕದಡುತ್ತಾ ಕುದಿಸಿ, ಮುಚ್ಚಿಟ್ಟು, ಬೆಳಿಗ್ಗೆ ಮೇಲಿನ ತಿಳಿಯನ್ನು ಪೈಪಿನಲ್ಲಿ ಎಳೆದುಕೊಳ್ಳುತ್ತೇನೆ. ತಳದಲ್ಲಿ ಉಳಿಯುವುದು ರಂಗೋಲಿ ಪುಡಿಯಂಥ ಬಿಳಿ ಗಸಿ. ಬೆರಳಿಗೆ ತರಿತರಿಯಾಗಿ ಸಿಗುತ್ತೆ, ಎರಡು ಹನಿ ವಿನೆಗರ್ ಬಿಟ್ಟರೆ ಸುಯ್ ಅಂತ ನೊರೆಯುತ್ತೆ.

ಕ್ಷಾರತೆ ಎಷ್ಟು ಇಳಿಯಿತು ಅಂತ ನೋಡಲು ಮೀನು ಸಾಕುವವರ ಅಂಗಡಿಯ ಕಿಟ್ ಸಾಕು. ಐದು ಮಿಲಿ ನೀರಿಗೆ ಹನಿ ಹನಿಯಾಗಿ ಬಿಡಬೇಕು, ನೀಲಿ ಹೋಗಿ ಹಳದಿ ಆಗುವವರೆಗೆ. ಒಂದು ಹನಿಗೆ ಸುಮಾರು 18 ಅಂತ ಲೆಕ್ಕ. ಹಸಿ ನೀರಿಗೆ 19 ಹನಿ ಹಿಡಿಯಿತು. ಕುದಿಸಿದ ನೀರಿಗೆ 11. ಇನ್ನೂ ಇಳಿಯಬೇಕಿತ್ತು ಅಲ್ವಾ? ಇಲ್ಲೇ ನಮ್ಮ ಬಂಡೆಯ ಗುಣ ಅಡ್ಡ ಬರುವುದು. ಕುದಿಸಿದಾಗ ಬೈಕಾರ್ಬನೇಟ್ ಕ್ಯಾಲ್ಸಿಯಂ ಜೊತೆ ಸೇರಿ ಕೂರುತ್ತೆ, ಮೆಗ್ನೀಸಿಯಂ ಜೊತೆ ಸುಲಭವಾಗಿ ಕೂರುವುದಿಲ್ಲ. ಡಾಲೊಮೈಟ್ ನೀರಲ್ಲಿ ಕ್ಯಾಲ್ಸಿಯಂ ಬೇಗ ಖಾಲಿಯಾಗುತ್ತದೆ, ಜೊತೆಗಾರ ಸಿಗದೆ ಬೈಕಾರ್ಬನೇಟ್ ನೀರಲ್ಲೇ ಉಳಿಯುತ್ತದೆ. ಸಾದಾ ಸುಣ್ಣಕಲ್ಲಿನ ಊರಿನವರು ಬರೀ ಕುದಿಸಿದರೆ ಸಾಕು ಅಂತ ಬರೆದಿದ್ದು ನನಗೆ ಒಗ್ಗದೆ ಇದ್ದದ್ದು ಇದಕ್ಕೇ.

ಹಾಗಾಗಿ ಕುದಿಸುವ ಮುಂಚೆ ಕ್ಯಾಲ್ಸಿಯಂ ಸೇರಿಸುತ್ತೇನೆ. 30 ಲೀಟರಿಗೆ 7 ಗ್ರಾಂ ಕ್ಯಾಲ್ಸಿಯಂ ಕ್ಲೋರೈಡ್, ಹಾಪ್ಸ್ ಕಹಿ ಎದ್ದು ಕಾಣಬೇಕಾದ ಬಿಯರಿಗೆ ಅದರ ಬದಲು 8 ಗ್ರಾಂ ಜಿಪ್ಸಂ. ನಮ್ಮೂರಲ್ಲಿ ಕಡಲೆಕಾಯಿ ಹೊಲಕ್ಕೆ ಹಾಕುವ ಅದೇ ವಸ್ತು, ತಿನ್ನಲು ಯೋಗ್ಯವಾದದ್ದನ್ನೇ ತರಬೇಕು ಅಷ್ಟೆ. ಹೀಗೆ ಮಾಡಿದಾಗ ಹನಿ 6ಕ್ಕೆ ಇಳಿಯಿತು. ಕ್ಯಾಲ್ಸಿಯಂ ಹಾಕಿ ಕ್ಷಾರತೆ ಇಳಿಸುವುದು ಕೇಳೋಕೆ ವಿಚಿತ್ರ, ಆದರೆ ಹಾಕಿದ ಕ್ಯಾಲ್ಸಿಯಂ ಬೈಕಾರ್ಬನೇಟನ್ನು ಕರೆದುಕೊಂಡು ತಳಕ್ಕೆ ಹೋಗುತ್ತದೆ. ಇನ್ನೂ ತಿಳಿಯಾದ ಲಾಗರ್ ಬೇಕಾದರೆ ಅಂಗಡಿಯ ಆರ್‌ಒ ನೀರನ್ನು ಅರ್ಧಕ್ಕರ್ಧ ಬೆರೆಸುತ್ತೇನೆ. ಸಮಯ ಇಲ್ಲದ ದಿನ ಇದೇ ಸುಲಭ.

ಒಂದು ವಿಷಯದಲ್ಲಿ ಬಹಳ ಜನ ಎಡವುತ್ತಾರೆ. ಮ್ಯಾಶ್ ಆದಮೇಲೆ ಕಾಳಲ್ಲಿ ಉಳಿದ ಸಕ್ಕರೆಗೆ ಮೇಲಿಂದ ಬಿಸಿನೀರು ಹುಯ್ದು ತೊಳೆಯುತ್ತೇವೆ. ಆಗ ಹುಳಿ ಗುಣವೆಲ್ಲ ಬಸಿದುಹೋಗಿರುತ್ತದೆ. ಹಸಿ ಬಾವಿ ನೀರು ಹುಯ್ದರೆ ಕೊನೆಕೊನೆಗೆ ಬರೀ ಒಗರು ಇಳಿಯುತ್ತೆ, ಸ್ಟೌಟ್ ಆದರೂ ಅಷ್ಟೇ. ನಾನು ಈ ನೀರಿಗೆ ಲ್ಯಾಕ್ಟಿಕ್ ಆಸಿಡ್ ಹಾಕುತ್ತೇನೆ, 88 ಶೇಕಡಾದ್ದು, ಹಸಿ ನೀರಾದರೆ 15 ಲೀಟರಿಗೆ 7 ಮಿಲಿ. ಮೊಸರನ್ನು ಹುಳಿ ಮಾಡುವ ಆಸಿಡ್ಡೇ ಅದು. ಅಷ್ಟಕ್ಕೆ ಬಾಯಿಗೆ ಹುಳಿ ತಿಳಿಯುವುದಿಲ್ಲ. ಬಾಟಲಿಯಲ್ಲಿ ಇರುವುದು ಮಾತ್ರ ಗಾಢ ಆಸಿಡ್, ಕೈಗೆ ತಾಗಿಸಿಕೊಳ್ಳಬೇಡಿ.

ಕಬ್ಬಿಣದ ವಿಷಯದಲ್ಲಿ ನನ್ನ ಬಾವಿ ಪುಣ್ಯ ಮಾಡಿದೆ, 0.1 ಅಷ್ಟೇ. ಉತ್ತರಕ್ಕೆ ಇರುವ ಒಬ್ಬ ಸ್ನೇಹಿತರ ಮನೆಯ ನೀರು ನಲ್ಲಿಯಿಂದ ತಿಳಿಯಾಗಿ ಬಂದು ಬಕೆಟಿನಲ್ಲಿ ಅರ್ಧ ಗಂಟೆಗೆ ಕೆಂಚಗಾಗುತ್ತೆ. ಅವರ ಬಿಯರಿನ ಎರಡು ಹನಿಯನ್ನು ಅಂಗೈ ಹಿಂಭಾಗಕ್ಕೆ ಉಜ್ಜಿ ಮೂಸಿದೆವು. ಹಳೆಯ ತಾಮ್ರದ ಕಾಸು ಬೆವರು ಕೈಯಲ್ಲಿ ಹಿಡಿದಿಟ್ಟ ವಾಸನೆ. 0.3 ದಾಟಿದರೆ ಈ ಗೊಡವೆ ಶುರು. ಅವರು ಈಗ ಗಾಳಿಯಾಡಿಸಿ, ಕಬ್ಬಿಣ ಕೆಂಪಗೆ ತಿರುಗಿದಮೇಲೆ ಸೋಸಿಕೊಳ್ಳುತ್ತಾರೆ.

ವರ್ಷಕ್ಕೊಮ್ಮೆ ಬ್ಯಾಕ್ಟೀರಿಯಾ ಮತ್ತು ನೈಟ್ರೇಟ್ ಪರೀಕ್ಷೆ ಬಿಡುವುದಿಲ್ಲ. ಇದು ಬಿಯರಿಗಾಗಿ ಅಲ್ಲ, ಮನೆಯವರಿಗಾಗಿ. ಬ್ಯಾಕ್ಟೀರಿಯಾ ಕುದಿಸಿದರೆ ಸಾಯುತ್ತವೆ, ನೈಟ್ರೇಟ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಅದು ಗಾಢವಾಗುತ್ತೆ. ನೈಟ್ರೋಜನ್ ಲೆಕ್ಕದಲ್ಲಿ ಲೀಟರಿಗೆ 10 ಮಿಲಿಗ್ರಾಂ ಇಲ್ಲಿನ ಮಿತಿ. ಸುತ್ತ ಜೋಳದ ಹೊಲ, ಹಸುಗಳ ಕೊಟ್ಟಿಗೆ ಇರುವ ಜಾಗ, ಸುಮ್ನೆ ಕೂರುವ ಹಾಗಿಲ್ಲ. ಬಿಯರಿನ ಪಾತ್ರೆಗಳನ್ನು ಕೊನೆಗೆ ಜಾಲಿಸುವುದೂ ಕುದಿಸಿ ಆರಿಸಿದ ನೀರಲ್ಲೇ.

ಬಾವಿ ಕೊಡುವ ಲಾಭಗಳೂ ಕಮ್ಮಿ ಇಲ್ಲ. ಕ್ಲೋರಿನ್ ಇಲ್ಲ. ನಗರದ ನೀರಿನವರು ಅದನ್ನು ತೆಗೆಯದಿದ್ದರೆ ಬಿಯರಿಗೆ ಆಸ್ಪತ್ರೆಯ ಬ್ಯಾಂಡೇಜ್ ವಾಸನೆ ಹಿಡಿಯುತ್ತೆ, ನನಗೆ ಆ ಚಿಂತೆಯೇ ಇಲ್ಲ. ಇನ್ನೊಂದು ತಂಪು. ಜುಲೈ ಸೆಕೆಯಲ್ಲೂ ನೀರು 10 ಡಿಗ್ರಿಯ ಆಸುಪಾಸಿನಲ್ಲೇ ಮೇಲೆ ಬರುತ್ತದೆ. ಕುದಿಸಿದ ಸಿಹಿ ರಸವನ್ನು ಯೀಸ್ಟ್ ಹಾಕುವ ಮುಂಚೆ ಬೇಗ ಆರಿಸಬೇಕು. ತಾಮ್ರದ ಸುರುಳಿ ಇಳಿಬಿಟ್ಟು ಬಾವಿ ನೀರು ಹರಿಸಿದರೆ ಇಪ್ಪತ್ತು ನಿಮಿಷದಲ್ಲಿ ಕೊಳಗದ ಹೊರಮೈ ಮುಟ್ಟಿದರೆ ತಣ್ಣಗೆ. ಹೊರಬರುವ ನೀರನ್ನು ಮೊದಲು ಪಾತ್ರೆ ತೊಳೆಯಲು ಹಿಡಿದು, ಮಿಕ್ಕಿದ್ದನ್ನು ಟೊಮೇಟೊ ಗಿಡಗಳಿಗೆ ಬಿಡುತ್ತೇನೆ. ಒಂದು ಬಿಂದಿಗೆಯಷ್ಟೂ ಚೆಲ್ಲಲು ನನಗೆ ಮನಸ್ಸು ಬರುವುದಿಲ್ಲ.

ಈಗ ಈ ಬಾವಿಗೆ ಅತಿ ಚೆನ್ನಾಗಿ ಒಗ್ಗುವುದು ಮ್ಯೂನಿಕ್ ಥರದ ಕಂದು ಲಾಗರ್ ಅಂತ ನನ್ನ ಅನುಭವ. ಬರೀ ಕುದಿಸಿ ತಿಳಿ ತೆಗೆದ ನೀರು, ಬೇರೇನೂ ಸೇರಿಸುವುದಿಲ್ಲ. ಜನವರಿಯಲ್ಲಿ ನೆಲಮಾಳಿಗೆಯ ಮೂಲೆ ತಾನಾಗಿಯೇ 10 ಡಿಗ್ರಿ ಇರುತ್ತೆ, ಲಾಗರ್ ಯೀಸ್ಟಿಗೆ ಹೇಳಿ ಮಾಡಿಸಿದ ಜಾಗ.

ಹೋದ ಸಲ ಅಮ್ಮ ಬಂದಾಗ ಇದಕ್ಕೇ ಅಂತ ನೀರು ಕುದಿಸಿ ಇಟ್ಟಿದ್ದೆ. ಬೆಳಿಗ್ಗೆ ಕೊಳಗದ ಮುಚ್ಚಳ ಸರಿಸಿ ನೋಡಿದರು. ಬಿಯರಿನ ಸುದ್ದಿಗೆ ಅವರು ಬರುವುದಿಲ್ಲ, ನೀರಿನ ಸುದ್ದಿ ಬಿಡುವುದಿಲ್ಲ. ತಳದ ಬಿಳಿಯನ್ನು ಬೆರಳಿಗೆ ತೆಗೆದುಕೊಂಡು, "ಇದು ಹಂಡೆ ಸುಣ್ಣ ಅಲ್ವೇನೋ, ಹಂಗಾದ್ರೆ ಮೇಲಿನ ನೀರಲ್ಲಿ ಬೇಳೆ ಬೇಯಬೇಕಲ್ಲ" ಅಂದರು. ಎರಡು ಚೊಂಬು ಬಗ್ಗಿಸಿಕೊಂಡು ಕುಕ್ಕರಿಗೆ ಹಾಕಿದರು. ನಾನು ಅಷ್ಟರಲ್ಲಿ ಗಡಸುತನದ ಕಿಟ್ ತೆಗೆದು ಹನಿ ಎಣಿಸಿದೆ. ಹಸಿ ನೀರಿಗೆ 21, ಕುದಿಸಿದ್ದಕ್ಕೆ 13. ಕ್ಯಾಲ್ಸಿಯಂ ಮುಕ್ಕಾಲು ಪಾಲು ಹೋಗಿದೆ, ಮೆಗ್ನೀಸಿಯಂ ಅಲ್ಲೇ ಇದೆ ಅಂತ ಅರ್ಥ.

ಕುಕ್ಕರ್ ಇಳಿಯಿತು. ಅಮ್ಮ ಬೇಳೆ ಹಿಚುಕಿದರು, ಇನ್ನೊಂದು ಕಾಳು ಹಿಚುಕಿದರು.

"ಪರವಾಗಿಲ್ಲ, ಬೆಂದಿದೆ. ಆದರೆ ಸೀನೀರಲ್ಲ. ಇನ್ನೂ ಏನೋ ಇದೆ ಇದರಲ್ಲಿ."